ತುಕ್ಕು ಬಿಡಿಸುವ ಬಕೆಟ್ಟಿಗೆ ಯಾವ ಲೋಹ?

ಗಂಗಾವತಿ, ಸಿಂಧನೂರು ಕಡೆ ಕಾಲುವೆಗೆ ನೀರು ಬರುವ ಹೊತ್ತಿಗೆ ಮೂಲೆ ಸೇರಿದ್ದ ಕುಂಟೆಯ ಕುಡ, ಕುಡುಗೋಲು, ಸಲಿಕೆ ಎಲ್ಲ ಹೊರಬರುತ್ತವೆ, ಮೈತುಂಬ ತುಕ್ಕು. ಅರದಿಂದ ಉಜ್ಜಿದರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವೂ ಸವೆಯುತ್ತದೆ. ಸೋಡಾ ನೀರಿನಲ್ಲಿ ಮುಳುಗಿಸಿ ಕರೆಂಟು ಹರಿಸಿ ತುಕ್ಕು ಬಿಡಿಸುವ ವಿದ್ಯುದ್ವಿಭಜನೆಯಲ್ಲಿ ಆ ನಷ್ಟವಿಲ್ಲ. ಪ್ಲಾಸ್ಟಿಕ್ ಬಕೆಟ್ಟು, 12 ವೋಲ್ಟಿನ ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ, ಎದುರಿಗೆ ನಿಲ್ಲಿಸಲು ಇನ್ನೊಂದು ಲೋಹದ ತುಂಡು, ಇಷ್ಟಿದ್ದರೆ ಸಾಕು. ಹೆಚ್ಚಿನವರು ಎಡವುವುದು ಆ ತುಂಡಿನ ಆಯ್ಕೆಯಲ್ಲೇ.

ತುಕ್ಕು ಹಿಡಿದ ಸಾಮಾನು ಚಾರ್ಜರಿನ ಮೈನಸ್‌ಗೆ. ಅಲ್ಲಿ ಜಲಜನಕದ ಗುಳ್ಳೆ ಏಳುತ್ತದೆ, ಕೆಂಪು ತುಕ್ಕಿನ ಒಂದಷ್ಟು ಭಾಗ ಕಪ್ಪು ಆಕ್ಸೈಡಾಗಿ ಸಡಿಲಗೊಳ್ಳುತ್ತದೆ. ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡೇ. ತೋರಣಗಲ್ಲಿನ ಊದುಕುಲುಮೆಯಲ್ಲಿ ಇಂಗಾಲ ಅದರ ಆಮ್ಲಜನಕವನ್ನು ಕಸಿದುಕೊಂಡರೆ, ಇಲ್ಲಿ ವಿದ್ಯುತ್ತು ಆ ಕೆಲಸವನ್ನು ಅಲ್ಪಸ್ವಲ್ಪ ಮಾಡುತ್ತದೆ. ಪ್ಲಸ್‌ಗೆ ಕಟ್ಟಿದ ತುಂಡು ಆನೋಡ್. ಅಲ್ಲಿ ಆಮ್ಲಜನಕ ಹೊರಡುತ್ತದೆ, ಜೊತೆಗೆ ಲೋಹವೂ ಕರಗಬಹುದು. ಆನೋಡ್ ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕಿಂತ ಅದರಿಂದ ನೀರಿಗೆ ಏನು ಇಳಿಯುತ್ತದೆ ಎಂದು ಕೇಳಬೇಕು.

ಹಳೆಯ ಸ್ಟೀಲ್ ತಟ್ಟೆ, ಚಮಚ ಬಹಳ ಜನಕ್ಕೆ ಮೊದಲು ಹೊಳೆಯುವ ಉಪಾಯ. ತುಕ್ಕು ಹಿಡಿಯುವುದಿಲ್ಲ, ತೊಳೆಯುವ ಗೋಜಿಲ್ಲ. ಬೇಡವೇ ಬೇಡ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ ಇರುತ್ತದೆ. ಅದನ್ನು ಕಾಯುವ ತೆಳು ಪದರವೇ ಆನೋಡಿನಲ್ಲಿ ಒಡೆದು ಕ್ರೋಮೇಟಾಗಿ ಕರಗುತ್ತದೆ. ಇದು ಕ್ಯಾನ್ಸರ್ ತರಬಲ್ಲ ಹೆಕ್ಸಾವೇಲೆಂಟ್ ಕ್ರೋಮಿಯಂ. ನೀರು ಹಳದಿಗೆ ತಿರುಗಿದರೆ ಸಂಶಯ ಬೇಡ. ಕೈ ಹಾಕಬೇಡಿ, ಹೊಲಕ್ಕಾಗಲಿ ಕಾಲುವೆಗಾಗಲಿ ಚೆಲ್ಲಬೇಡಿ. ಬಣ್ಣ ಕಾಣದಿದ್ದರೂ ಕ್ರೋಮಿಯಂ ಇಲ್ಲವೆಂದಲ್ಲ.

ತಾಮ್ರ ಕರಗಿ ನಿಮ್ಮ ಕುಡದ ಮೇಲೆಯೇ ಕೂರುತ್ತದೆ, ಆಮೇಲೆ ಅಲ್ಲಿ ತುಕ್ಕು ಇನ್ನೂ ಜೋರಾಗುತ್ತದೆ. ಜಿಐ ತಗಡಿನಿಂದ ಸತು ಬಿಡುತ್ತದೆ. ಅಲ್ಯೂಮಿನಿಯಂ ಸೋಡಾ ನೀರಿನಲ್ಲಿ ಬಿಳಿ ಲೋಳೆಯಾಗುತ್ತದೆ. ಬರೀ ಟೈಟಾನಿಯಂ ಮೇಲೆ ಆಕ್ಸೈಡ್ ಪದರ ಕಟ್ಟಿ ಕರೆಂಟು ನಿಲ್ಲುತ್ತದೆ; ರುಥೇನಿಯಂ, ಇರಿಡಿಯಂ ಆಕ್ಸೈಡಿನ ಲೇಪವಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ, ದುಬಾರಿ. ಗ್ರಾಫೈಟ್ ಒಳ್ಳೆಯದು, ಆದರೆ ಕ್ರಮೇಣ ಉದುರಿ ನೀರನ್ನು ಕಪ್ಪಾಗಿಸುತ್ತದೆ. ಗಡಿಯಾರದ ಸಾಮಾನ್ಯ ಸೆಲ್ಲಿನೊಳಗಿನ ಇಂಗಾಲದ ಕಡ್ಡಿ ತೀರ ಸಣ್ಣದು. ಆಲ್ಕಲೈನ್ ಸೆಲ್ಲಿನಲ್ಲಂತೂ ಆ ಕಡ್ಡಿಯೇ ಇರುವುದಿಲ್ಲ.

ಹಾಗಾಗಿ ನನ್ನ ಆಯ್ಕೆ ಮನೆ ಕಟ್ಟಿ ಮಿಕ್ಕ ಸರಳು, ಇಲ್ಲವೇ ಗುಜರಿಯಲ್ಲಿ ಸಿಗುವ ಸಾದಾ ಕಬ್ಬಿಣದ ಪಟ್ಟಿ. ಬಣ್ಣ, ಸತುವಿನ ಲೇಪ ಇರಬಾರದು. ಅದು ತುಕ್ಕು ಹಿಡಿಯುತ್ತದೆ, ಸವೆಯುತ್ತದೆ. ಸವೆಯಲಿ, ನೀರಿಗೆ ಬೀಳುವುದು ಕಬ್ಬಿಣದ ಕೆಸರಷ್ಟೇ. ಮೇಲೆ ಪದರ ದಪ್ಪವಾದಂತೆ ಕರೆಂಟು ಇಳಿಯುತ್ತದೆ, ಆಗಾಗ ತೆಗೆದು ತಂತಿ ಬ್ರಶ್ಶಿನಿಂದ ಉಜ್ಜಿ. ಆನೋಡಿಗೆ ಎದುರಾದ ಮುಖವೇ ಹೆಚ್ಚು ಶುದ್ಧವಾಗುವುದರಿಂದ ಸುತ್ತ ನಾಲ್ಕು ಸರಳು ನಿಲ್ಲಿಸಿ ತಂತಿಯಿಂದ ಜೋಡಿಸಿ. ಆ ತಂತಿ, ಕ್ಲಿಪ್ಪು ನೀರಿನ ಮೇಲಿರಲಿ, ಇಲ್ಲದಿದ್ದರೆ ಅವುಗಳ ತಾಮ್ರವೂ ಕರಗುತ್ತದೆ.

10 ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಸಾಕು. ಉಪ್ಪು ಹಾಕಬಾರದು: ಅದರಲ್ಲಿನ ಕ್ಲೋರೈಡ್ ಆನೋಡನ್ನು ತೂತು ತೂತಾಗಿ ತಿನ್ನುತ್ತದೆ, ಗ್ರಾಫೈಟಿನಲ್ಲಿ ಕ್ಲೋರಿನ್ ಅನಿಲವೂ ಹೊರಡುತ್ತದೆ. ಎರೆಭೂಮಿಯ ಸವಳು ಬೋರಿನ ನೀರಿಗೂ ಇದೇ ಮಾತು; ಸೋಡಾ ಹಾಕಿದೊಡನೆ ಬಿಳಿ ಪುಡಿ ಇಳಿದರೆ ಅದು ಗಡಸಿನ ಸುಣ್ಣ, ಆದರೆ ಕ್ಲೋರೈಡ್ ಹಾಗೇ ಉಳಿಯುತ್ತದೆ. ಮಳೆನೀರು ಅಥವಾ ಕಾಲುವೆ ನೀರು ಬಳಸಿ.

ಕುಡುಗೋಲಿಗೆ 2ರಿಂದ 3 ಆಂಪಿಯರ್ ಹರಿಸಿ; ರಾತ್ರಿಯೆಲ್ಲ ಇಡುವ ಬದಲು ಹಗಲು ಕಣ್ಣೆದುರೇ ಕೆಲವು ಗಂಟೆ ಇಡಿ. ಹೊಸ ಬಗೆಯ ಸ್ಮಾರ್ಟ್ ಚಾರ್ಜರ್ ಎದುರಿಗೆ ಬ್ಯಾಟರಿ ಇಲ್ಲದೆ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲ, ಹಳೆಯ ಸಾದಾ ಚಾರ್ಜರೇ ಬೇಕು. ಒಂದು ಆಂಪಿಯರ್ ಒಂದು ಗಂಟೆಗೆ ಹತ್ತಿರ ಅರ್ಧ ಲೀಟರ್ ಜಲಜನಕ ಬಿಡುತ್ತದೆ. ಗಾಳಿಯಲ್ಲಿ 4% ಸೇರಿದರೆ ಕಿಡಿಗೆ ಹೊತ್ತಿಕೊಳ್ಳುವ ಅನಿಲವದು. ಬಕೆಟ್ಟು ಬಯಲಲ್ಲಿರಲಿ, ಮೊದಲು ಚಾರ್ಜರಿಗೆ ಕರೆಂಟು ಕೊಡುವ ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ ಬಿಚ್ಚಿ.

ಹೊರತೆಗೆದ ಸಾಮಾನಿನ ಕಪ್ಪು ಪುಡಿ ಉಜ್ಜಿ, ತೊಳೆದು, ಬಿಸಿಲಲ್ಲಿ ಒಣಗಿಸಿದ ಕೂಡಲೇ ಎಣ್ಣೆ ಸವರಿ. ತಡಮಾಡಿದರೆ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕು ಮೂಡುತ್ತದೆ. ಸ್ಪ್ರಿಂಗು, ಗಟ್ಟಿ ಹದದ ಬೋಲ್ಟುಗಳನ್ನು ಮಾತ್ರ ಈ ಬಕೆಟ್ಟಿಗೆ ಹಾಕಬೇಡಿ. ಜಲಜನಕ ಉಕ್ಕಿನೊಳಗೆ ಹೊಕ್ಕರೆ ಅವು ಹೊರೆ ಬಿದ್ದಾಗ ಬಾಗದೆ ಪಟ್ಟನೆ ಮುರಿಯುತ್ತವೆ.