ಏರ್ ರೈಫಲ್‌ಗೆ ಸ್ಕೋಪ್ ಮೌಂಟ್ ಮತ್ತು ಝೀರೋ ದೂರ: ಎರಡೂ ಒಂದೇ ಲೆಕ್ಕ

ಈ ಟಿಪ್ಪಣಿ ಇಂಗ್ಲೆಂಡಿನ ಹೊಲಗಳಲ್ಲಿ ನಡೆಯುವ ಮೊಲದ ಬೇಟೆಯನ್ನು ಇಟ್ಟುಕೊಂಡು ಬರೆದದ್ದು. ಅಲ್ಲಿ ಕಾಡುಮೊಲ ಎಂದರೆ ಬೆಳೆ ತಿನ್ನುವ ಪೀಡೆ. ಜಮೀನಿನವರ ಒಪ್ಪಿಗೆ ಇದ್ದರೆ ಏರ್ ರೈಫಲ್‌ನಿಂದ ಹೊಡೆಯಬಹುದು. ರೈಫಲ್‌ನ ಶಕ್ತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಮೀರದಿದ್ದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಲೈಸೆನ್ಸ್ ಬೇಡ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಅದಕ್ಕೂ ಬೇಕು. ಭಾರತದಲ್ಲಿ ಕಾಡುಪ್ರಾಣಿಗಳ ಬೇಟೆಗೆ ತಡೆ ಹಾಕುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾಗಾಗಿ ಇಲ್ಲಿರುವವರು ಇದನ್ನು ಕಾಗದದ ಗುರಿಗೆ ಮಾತ್ರ ಬಳಸಿಕೊಳ್ಳಿ. ಲೆಕ್ಕವೇನೂ ಬದಲಾಗುವುದಿಲ್ಲ.

ಮೌಂಟ್ ಎಂದರೆ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ರೈಫಲ್ ಮೇಲೆ ಕೂರಿಸುವ ಹಿಡಿಕೆ. ಝೀರೋ ದೂರ ಎಂದರೆ ಗುರಿಯಿಟ್ಟ ಜಾಗಕ್ಕೇ ಪೆಲೆಟ್ (ಏರ್ ರೈಫಲ್‌ನ ಚಿಕ್ಕ ಗುಂಡು) ಬೀಳುವ ದೂರ. ಹೊಸಬರು ಮೌಂಟನ್ನು ಅಂಗಡಿಯಲ್ಲಿ ಆರಿಸುತ್ತಾರೆ, ಝೀರೋ ದೂರವನ್ನು ಮೈದಾನದಲ್ಲಿ. ಎರಡನ್ನೂ ಒಟ್ಟಿಗೆ ಕೂತು ಯೋಚಿಸಬೇಕು. ಯಾಕೆ ಅಂತ ನೋಡೋಣ.

ಸ್ಕೋಪ್ ನಳಿಗೆಯ ಮೇಲೆ ಕೂತಿರುತ್ತದೆ. ನಮ್ಮ ನೋಟದ ಗೆರೆ ನೇರವಾಗಿ ಹೋಗುತ್ತದೆ. ಪೆಲೆಟ್ ಅದರ ಕೆಳಗಿನಿಂದ ಹೊರಟು, ಗೆರೆಯನ್ನು ದಾಟಿ ಸ್ವಲ್ಪ ಮೇಲೇರಿ, ಮತ್ತೆ ದಾಟಿ ಕೆಳಗೆ ಬೀಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಎರಡು ಝೀರೋ ಇರುತ್ತವೆ, ಹತ್ತಿರದ್ದೊಂದು, ದೂರದ್ದೊಂದು. ನಾವು ಸೆಟ್ ಮಾಡುವುದು ದೂರದ್ದನ್ನು. ಹತ್ತಿರದ್ದು ಎಲ್ಲಿ ಬೀಳುತ್ತದೆ ಅನ್ನೋದನ್ನು ಸ್ಕೋಪಿನ ಎತ್ತರವೂ ಸೇರಿ ತೀರ್ಮಾನಿಸುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 4.5 ಮಿ.ಮೀ. ಕ್ಯಾಲಿಬರ್, 8.4 ಗ್ರೇನ್ (ಸುಮಾರು 0.54 ಗ್ರಾಂ) ತೂಕದ ಪೆಲೆಟ್, ಸೆಕೆಂಡಿಗೆ ಸುಮಾರು 785 ಅಡಿ ವೇಗ. ನಳಿಗೆಯ ಮಧ್ಯದಿಂದ ಸ್ಕೋಪಿನ ಮಧ್ಯಕ್ಕೆ 44 ಮಿ.ಮೀ. ಝೀರೋ 35 ಗಜಕ್ಕೆ ಇಟ್ಟರೆ ಹತ್ತಿರದ ಝೀರೋ 15 ಗಜದ ಸುಮಾರಿಗೆ ಬರುತ್ತದೆ. 25 ಗಜದಲ್ಲಿ ಪೆಲೆಟ್ 9 ಮಿ.ಮೀ. ಮೇಲೆ, 10 ಗಜದಲ್ಲಿ 11 ಮಿ.ಮೀ. ಕೆಳಗೆ, 40 ಗಜದಲ್ಲಿ 12 ಮಿ.ಮೀ. ಕೆಳಗೆ. ಆಮೇಲೆ ಬೇಗ ಕುಸಿಯುತ್ತದೆ: 50 ಗಜಕ್ಕೆ 5 ಸೆಂ.ಮೀ. ಕೆಳಗೆ. ಇವು ಲೆಕ್ಕದ ಅಂಕಿಗಳು, ನಿಮ್ಮ ರೈಫಲ್‌ನಲ್ಲಿ ಸ್ವಲ್ಪ ಆಚೀಚೆ ಆಗುತ್ತವೆ.

ಮೊಲದ ತಲೆಯಲ್ಲಿ ಪೆಲೆಟ್ ಬಿದ್ದ ಕೂಡಲೇ ಪ್ರಾಣ ಹೋಗುವ ಜಾಗ ಸುಮಾರು 25 ಮಿ.ಮೀ. ಅಗಲ. ಅಂದರೆ ಮಧ್ಯದಿಂದ ಮೇಲೆ 12, ಕೆಳಗೆ 12. ಬರೀ ಲೆಕ್ಕದ ಪ್ರಕಾರ 35 ಗಜದ ಝೀರೋ 10ರಿಂದ 40 ಗಜದವರೆಗೂ ಸಾಕಾಗುತ್ತದೆ. ಆದರೆ ಆ 12 ಮಿ.ಮೀ. ಪೂರ್ತಿ ಪೆಲೆಟ್ಟಿನ ಹಾದಿಯೇ ತಿಂದುಹಾಕಿದರೆ ನಿಮ್ಮ ಕೈ ನಡುಗುವುದಕ್ಕೆ ಏನು ಉಳಿಯಿತು? ಅದಕ್ಕೇ ನನ್ನ ಆಯ್ಕೆ 30 ಗಜ. ಆಗ 12ರಿಂದ 35 ಗಜದ ನಡುವೆ ಪೆಲೆಟ್ ನೋಟದ ಗೆರೆಯಿಂದ ಸುಮಾರು 9 ಮಿ.ಮೀ. ಒಳಗೇ ಇರುತ್ತದೆ. ನಡುವಿನ ಉಬ್ಬು 4 ಮಿ.ಮೀ. ಕೂಡ ದಾಟುವುದಿಲ್ಲ. ತಿಂಗಳಾನುಗಟ್ಟಲೆ ಅಭ್ಯಾಸ ಮಾಡಿದವರು ಬೇಕಾದರೆ 35ಕ್ಕೆ ಹೋಗಲಿ.

"ದೂರಕ್ಕೆ ಹೊಡೀಬೇಕು, ಅದಕ್ಕೆ ಝೀರೋ 50ಕ್ಕೆ ಇಡ್ತೀನಿ" ಅನ್ನುವವರು ಜಾಸ್ತಿ. ಇದೇ ರೈಫಲ್ ಅನ್ನು 50ಕ್ಕೆ ಝೀರೋ ಮಾಡಿದರೆ 25ರಿಂದ 30 ಗಜದಲ್ಲಿ ಪೆಲೆಟ್ 4 ಸೆಂ.ಮೀ. ಹತ್ತಿರ ಮೇಲೆ ಹೋಗುತ್ತದೆ. ಮೊಲಗಳು ಹೆಚ್ಚಾಗಿ ಸಿಗುವ ದೂರವೇ ಅದು. ತಲೆಯ ಮೇಲಿಂದ ಪೆಲೆಟ್ ಹಾರಿಹೋಗುತ್ತದೆ, ಅಷ್ಟೇ. 5.5 ಮಿ.ಮೀ. ಕ್ಯಾಲಿಬರ್‌ನವರಿಗೆ ಇನ್ನೂ ಕಷ್ಟ. ಅದೇ ಶಕ್ತಿಯಲ್ಲಿ ಆ ಪೆಲೆಟ್ ಸೆಕೆಂಡಿಗೆ 570 ಅಡಿ ಮಾತ್ರ ಹೋಗುತ್ತದೆ. 30 ಗಜದಲ್ಲಿ ನಳಿಗೆಯ ಗೆರೆಯಿಂದ ಸುಮಾರು 13 ಸೆಂ.ಮೀ. ಬೀಳುತ್ತದೆ. ಚಿಕ್ಕ ಪೆಲೆಟ್ ಬೀಳುವುದು ಸುಮಾರು 7. ಅವರು ಝೀರೋವನ್ನು 25 ಗಜದ ಸುಮಾರಿಗೆ ಇಳಿಸಿಕೊಳ್ಳುವುದು ಒಳ್ಳೆಯದು.

ಈಗ ಮೌಂಟಿನ ಎತ್ತರ. "ಆದಷ್ಟು ಕೆಳಗೆ ಇರಲಿ" ಅನ್ನೋದು ಸೆಂಟರ್‌ಫೈರ್ ರೈಫಲ್‌ಗಳಿಂದ, ಅಂದರೆ ಮದ್ದಿನಿಂದ ಹಾರುವ ವೇಗದ ಗುಂಡಿನ ರೈಫಲ್‌ಗಳಿಂದ, ಬಂದ ಮಾತು. ಏರ್ ರೈಫಲ್‌ಗೆ ಅದು ಹಾಗೇ ಹೊಂದುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಸ್ಕೋಪನ್ನು 13 ಮಿ.ಮೀ. ಎತ್ತರಿಸಿ, ಝೀರೋ 35ರಲ್ಲೇ ಇಡಿ. ನಡುವಿನ ಉಬ್ಬು 9ರಿಂದ 6 ಮಿ.ಮೀ.ಗೆ ಇಳಿಯುತ್ತದೆ, 40 ಗಜದಲ್ಲಿ ಬೀಳುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ 10 ಗಜದಲ್ಲಿ 20 ಮಿ.ಮೀ. ಕೆಳಗೆ ಹೊಡೆಯುತ್ತದೆ. ಕೊಟ್ಟಿಗೆಯಲ್ಲಿ ಹತ್ತಿರದಿಂದ ಇಲಿ ಹೊಡೆಯುವವರಿಗೆ ಇದು ತೊಂದರೆ, ಬೇಲಿಯ ಪಕ್ಕ ಮೊಲಕ್ಕೆ ಕಾಯುವವರಿಗೆ ಲಾಭ. ಎತ್ತರದ ಮೌಂಟಿನಿಂದ ರೈಫಲ್ ವಾಲಿದಾಗ ತಪ್ಪು ಜಾಸ್ತಿ ಎಂಬ ಮಾತೂ ಇದೆ. ಝೀರೋ ದೂರದ ಆಸುಪಾಸಿನಲ್ಲಿ ಅದು ನಿಜವಲ್ಲ. 40 ಗಜದಲ್ಲಿ 5 ಡಿಗ್ರಿ ವಾಲಿಸಿದರೆ ಎರಡೂ ಎತ್ತರದಲ್ಲಿ ಸುಮಾರು 10 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಎತ್ತರಕ್ಕೆ ನಿಜವಾದ ಮಿತಿ ನಿಮ್ಮ ಕೆನ್ನೆ. ಕೆನ್ನೆ ಹಿಡಿಯ ಮೇಲೆ ಗಟ್ಟಿಯಾಗಿ ಕೂತಾಗ ಕಣ್ಣು ಸ್ಕೋಪಿಗೆ ನೇರ ಬರಬೇಕು.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಕೆಲವು ಕಂಪನಿಗಳು ಎತ್ತರವನ್ನು ರಿಂಗಿನ ಮಧ್ಯದವರೆಗೆ ಅಳೆಯುತ್ತವೆ, ಕೆಲವು ರಿಂಗಿನ ಒಳತಳದವರೆಗೆ. 30 ಮಿ.ಮೀ. ಟ್ಯೂಬಿನ ಸ್ಕೋಪಿಗೆ ಅಲ್ಲೇ 15 ಮಿ.ಮೀ. ವ್ಯತ್ಯಾಸ. "ಮೀಡಿಯಂ", "ಹೈ" ಅನ್ನುವ ಹೆಸರುಗಳನ್ನಂತೂ ನಂಬಬೇಡಿ. ಪಿಸಿಪಿ ರೈಫಲ್ (ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವಂಥದ್ದು) ಆದರೆ ಮೇಲಕ್ಕೆ ಚಾಚಿಕೊಂಡಿರುವ ಮ್ಯಾಗಜಿನ್ ಸ್ಕೋಪಿಗೆ ತಾಗದಷ್ಟು ಎತ್ತರ ಬೇಕೇ ಬೇಕು.

ಮೌಂಟಿನ ಬಗೆಯನ್ನು ರೈಫಲ್‌ನ ಒದೆತ ತೀರ್ಮಾನಿಸುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಪ್ರಿಂಗ್ ಒಂದು ಪಿಸ್ಟನ್ನನ್ನು ತಳ್ಳಿ ಗಾಳಿಯನ್ನು ಒತ್ತುತ್ತದೆ. ಅದು ಮೊದಲು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿ ಮುಟ್ಟಿದ ಕ್ಷಣ ಮುಂದಕ್ಕೆ ಜಗ್ಗುತ್ತದೆ. ಈ ಎರಡು ದಿಕ್ಕಿನ ಎಳೆದಾಟದಲ್ಲಿ ಸಾಧಾರಣ ಮೌಂಟ್ 11 ಮಿ.ಮೀ. ಡವ್‌ಟೇಲ್ (ರೈಫಲ್ ಮೇಲೆ ಮೌಂಟ್ ಕಚ್ಚಿ ಕೂರುವ ಹಳಿ) ಮೇಲೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಅದಕ್ಕೆ ಒಂದೇ ತುಂಡಿನ ಮೌಂಟ್, ತಡೆಪಿನ್ ಇರುವಂಥದ್ದು ಬೇಕು. ರೈಫಲ್ ಮೇಲೆ ಆ ಪಿನ್ನಿಗೆ ತೂತು ಇದೆಯಾ ಅಂತ ಮೊದಲೇ ನೋಡಿ. ಸ್ಕೋಪ್ ಕೂಡ ಸ್ಪ್ರಿಂಗ್ ರೈಫಲ್‌ಗೆ ತಕ್ಕದ್ದೇ ಆಗಿರಲಿ, ಇಲ್ಲದಿದ್ದರೆ ಒಳಗಿನ ಗಾಜು ಸಡಿಲವಾಗುತ್ತದೆ. ಪಿಸಿಪಿಯಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಎರಡು ಬಿಡಿ ರಿಂಗು ಸಾಕು.

ಕೆಲವು ಸ್ಪ್ರಿಂಗ್ ರೈಫಲ್‌ಗಳ ನಳಿಗೆ ಸ್ವಲ್ಪ ಕೆಳಗೆ ಬಾಗಿರುತ್ತದೆ. ಆಗ ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ಸ್ಕೋಪಿನ ಡಯಲ್ ಕೊನೆ ಮುಟ್ಟಿದರೂ ಝೀರೋ ಆಗುವುದಿಲ್ಲ. ಡಯಲ್ ಕೊನೆಯಲ್ಲಿದ್ದಾಗ ಸ್ಕೋಪ್ ನಂಬಿಕೆಗೂ ಅರ್ಹವಲ್ಲ. ಇಳಿಜಾರು ಮೌಂಟ್ ಅಥವಾ ಎತ್ತರ ಹೊಂದಿಸಬಹುದಾದ ಮೌಂಟ್ ಹಾಕಿ. ಅಮೆರಿಕದಲ್ಲಿ ಶಕ್ತಿಯ ಮಿತಿ ಇಲ್ಲದ ಕಡೆ 6.35 ಮಿ.ಮೀ. ಪಿಸಿಪಿಯಿಂದ 100 ಗಜಕ್ಕೆ ಹೊಡೆಯುವವರು 20 ಎಂಒಎ (ಒಂದು ಎಂಒಎ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ) ಇಳಿಜಾರಿನ ರೈಲ್ ಹಾಕುವುದೂ ಇದಕ್ಕೇ. ಅದು 100 ಗಜದಲ್ಲಿ ಸುಮಾರು 21 ಇಂಚು ಏರಿಕೆ ಕೊಡುತ್ತದೆ. 12 ಅಡಿ-ಪೌಂಡಿನ ಮೊಲದ ಬೇಟೆಗೆ ಅದರ ಅಗತ್ಯವಿಲ್ಲ.

ಯಾಕೆ ಅಂದರೆ ಇಲ್ಲಿ ದೂರವನ್ನು ಕಟ್ಟಿಹಾಕುವುದು ಗಾಳಿ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ನಮ್ಮ ಪೆಲೆಟ್ಟನ್ನು 30 ಗಜದಲ್ಲಿ 4 ಸೆಂ.ಮೀ., 50 ಗಜದಲ್ಲಿ 12 ಸೆಂ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಬೀಳುವುದನ್ನು ಲೆಕ್ಕ ಹಾಕಬಹುದು, ಗಾಳಿಯನ್ನು ಅಂದಾಜು ಮಾಡಬೇಕು. ಗಾಳಿ ಇದ್ದ ದಿನ 25 ಗಜ ದಾಟಬೇಡಿ. ಜೀವ ಇರುವ ಪ್ರಾಣಿಯ ಮೇಲೆ ಅಂದಾಜು ಓಡಿಸೋದು ಬೇಡ, ಅಲ್ವಾ?

ಝೀರೋ ಆದ ಮೇಲೆ 10ರಿಂದ 45 ಗಜದವರೆಗೆ ಐದೈದು ಗಜಕ್ಕೆ ಒಂದು ಕಾಗದ ಇಟ್ಟು, ಎಲ್ಲಕ್ಕೂ ನಡುವಿಗೇ ಗುರಿಯಿಟ್ಟು ಹೊಡೆಯಿರಿ. ಪೆಲೆಟ್ ಎಷ್ಟು ಮೇಲೆ, ಎಷ್ಟು ಕೆಳಗೆ ಬಿತ್ತು ಅಂತ ಅಳೆದು, ಚೀಟಿಯಲ್ಲಿ ಬರೆದು ಸ್ಕೋಪಿನ ಮುಚ್ಚಳದ ಒಳಗೆ ಅಂಟಿಸಿಕೊಳ್ಳಿ. ಪೆಲೆಟ್ಟಿನ ಬ್ರ್ಯಾಂಡ್ ಬದಲಿಸಿದರೆ, ಮೌಂಟಿನ ಸ್ಕ್ರೂ ಬಿಚ್ಚಿದರೆ ಆ ಚೀಟಿ ಕಿತ್ತು ಹೊಸದು ಬರೆಯಿರಿ.