ಹಳ್ಳದ ಬಂಡೆ ತೆಗೆಯುವ ಮುನ್ನ

ನದಿ ಹುಟ್ಟುವಲ್ಲಿ ಕಡಿದಾಗಿದ್ದು, ಕೆಳಗಿಳಿದಂತೆ ಸಮತಟ್ಟಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಉತ್ತರ ಕನ್ನಡದ ಹೊಳೆಗಳು ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅಘನಾಶಿನಿ ಶಿರಸಿಯ ಸುತ್ತಲಿನ ಅಡಿಕೆ ತೋಟಗಳ ನಡುವೆ ಸಾವಧಾನವಾಗಿ ಸಾಗಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿದ ಮೇಲೆಯೇ ನಿಜವಾದ ಬೆಟ್ಟದ ಹೊಳೆಯಾಗುತ್ತದೆ. ಕುಮಟಾ ಸೀಮೆಗೆ ಬಂದಾಗ ಅದು ಉಬ್ಬರವಿಳಿತಕ್ಕೆ ಒಳಪಟ್ಟ ಅಗಲವಾದ ಅಳಿವೆ. ಹಾಗಾಗಿ ಘಟ್ಟದ ಇಳಿಜಾರಿನ ಹೊಳೆಪಾತ್ರವನ್ನು ಮೇಲಿನ ಅಥವಾ ಕೆಳಗಿನ ಪಾತ್ರದ ಅಳತೆಗೋಲಿನಿಂದ ನೋಡಬಾರದು.

ಬೇಸಿಗೆಯಲ್ಲಿ ಅಲ್ಲಿ ಮೊಣಕಾಲು ನೀರೂ ಇರುವುದಿಲ್ಲ, ಆದರೆ ಆನೆಗಾತ್ರದ ಬಂಡೆಗಳು ಬಿದ್ದಿರುತ್ತವೆ. ಪಾತ್ರವನ್ನು ರೂಪಿಸುವುದು ವರ್ಷದ ಕೆಲವೇ ನೆರೆಯ ದಿನಗಳು. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ, ಲೆಕ್ಕಾಚಾರದ ಪ್ರಕಾರ, ಸುಮಾರು 64 ಪಟ್ಟಾಗುತ್ತದೆ. ಆಷಾಢದ ಒಂದು ರಾತ್ರಿಯಲ್ಲಿ ಸಂಕ (ಹಳ್ಳ ದಾಟುವ ಕಿರುಸೇತುವೆ) ಕೊಚ್ಚಿಹೋಗುವುದರಲ್ಲಿ ಅಚ್ಚರಿಯೇನೂ ಇಲ್ಲ.

ಇಂಥ ಪಾತ್ರದಲ್ಲಿ ದೊಡ್ಡ ಬಂಡೆಗಳು ಅಡ್ಡಲಾಗಿ ಒಂದಕ್ಕೊಂದು ಆತು ನಿಂತು ಮೆಟ್ಟಿಲಾಗುತ್ತವೆ. ಪ್ರತಿ ಮೆಟ್ಟಿಲ ಕೆಳಗೆ ಒಂದು ಗುಂಡಿ. ನೀರು ಮೆಟ್ಟಿಲಿನಿಂದ ಬಿದ್ದು ಗುಂಡಿಯಲ್ಲಿ ಸುಳಿಯುವಾಗ ಅದರ ಬಲದ ಬಹುಪಾಲು ಅಲ್ಲಿಯೇ ಕರಗುತ್ತದೆ. ಚಪ್ಪಟೆ ಕಲ್ಲುಗಳನ್ನು ಗಮನಿಸಿ: ಅವು ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಒರಗಿದ್ದು, ಅವುಗಳ ಚಪ್ಪಟೆ ಮೈ ಹೊಳೆಯ ಮೇಲ್ದಿಕ್ಕಿಗೆ ಇಳಿಜಾರಾಗಿರುತ್ತದೆ. ಒಂದನ್ನು ಎತ್ತಿದರೆ ಅಡಿಯಲ್ಲಿ ಮರಳು, ಸಣ್ಣ ಜಲ್ಲಿ. ಮೇಲಿನ ಒರಟು ಪದರವೇ ಅದನ್ನು ಹಿಡಿದಿಟ್ಟಿರುವುದು.

ತೋಟದ ಅಂಚನ್ನು ನೇರ ಮಾಡಲೆಂದೋ, ಕಟ್ಟಡಕ್ಕೆಂದೋ ಜೆಸಿಬಿ ಇಳಿಸಿ ಈ ಬಂಡೆಗಳನ್ನು ತೆಗೆಸುವವರಿದ್ದಾರೆ. ಮುಂದಿನ ನೆರೆಯಲ್ಲಿ ಅಡಿಯ ಮರಳು ಹೋಗುತ್ತದೆ, ತಳ ಆಳವಾಗುತ್ತದೆ, ಆ ಕೊರೆತ ಹಿಂದಕ್ಕೆ ಸರಿಯುತ್ತ ಮೇಲಿನವರ ದಂಡೆಯನ್ನು ಕುಸಿಯುವಂತೆ ಮಾಡುತ್ತದೆ. ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿದರೂ ಪಾಯದಡಿಯ ಮಣ್ಣು ಉಳಿಯದಿದ್ದರೆ ಗೋಡೆ ಅಡಿಮೇಲು.

ಸಂಕ ಕಟ್ಟುವವರು ಹರಿವ ನೀರಿನ ಅಗಲವನ್ನು ಅಳೆಯದೆ, ನೆರೆಯಲ್ಲಿ ಮರದ ಕೊಂಬೆಗಳಿಗೆ ಸಿಕ್ಕಿಕೊಂಡ ಕಸದ ಎತ್ತರವನ್ನು ನೋಡಬೇಕು. ಕಂಬವನ್ನು ಪಾತ್ರದ ನಡುವೆ ನೆಡದೆ, ಎರಡೂ ದಂಡೆಯಲ್ಲಿ ಬೇರುಬಿಟ್ಟ ಬಂಡೆಯ ಮೇಲೆಯೇ ಆಧಾರ ಕೊಟ್ಟರೆ ಒಳಿತು.