ಆರನೇ ಸ್ಥಾನಕ್ಕೂ ಹಬ್ಬ ಮಾಡುವ ತಂಡಗಳು

ಮಿನಾರ್ಡಿ ಅಂತ ಒಂದು ಫಾರ್ಮುಲಾ 1 ತಂಡ ಇತ್ತು. 1985ರಿಂದ 2005ರವರೆಗೆ, 21 ಸೀಸನ್ ಓಡಿತು. 340 ರೇಸ್‌ಗಳಲ್ಲಿ ಅದು ಗಳಿಸಿದ್ದು ಒಟ್ಟು 38 ಅಂಕ. ಗೆಲುವು ಒಂದೂ ಇಲ್ಲ. ಮೊದಲ ಮೂವರು ನಿಲ್ಲುವ ಪೋಡಿಯಂ ಹತ್ತಿದ್ದೂ ಇಲ್ಲ. ನಾಲ್ಕನೇ ಸ್ಥಾನ ದಾಟಿ ಅದು ಮೇಲೆ ಬರಲೇ ಇಲ್ಲ, ಆ ನಾಲ್ಕನೇ ಸ್ಥಾನ ಸಿಕ್ಕಿದ್ದೂ ಮೂರೇ ಸಲ. ತಂಡ ಮಾರಾಟವಾಗಿ ಇಪ್ಪತ್ತು ವರ್ಷ ಆಯಿತು. ಆದರೂ ಹಳೆಯ ಅಭಿಮಾನಿಗಳ ಮುಂದೆ ಆ ಹೆಸರು ಎತ್ತಿದರೆ ಸಾಕು, ಮಾತು ನಿಲ್ಲುವುದಿಲ್ಲ. ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಸುರಿದ ಟೊಯೊಟಾ ತಂಡ ಎಂಟು ಸೀಸನ್‌ಗಳಲ್ಲಿ 13 ಪೋಡಿಯಂ ಹತ್ತಿತು. ಅದನ್ನು ಇಷ್ಟು ಅಕ್ಕರೆಯಿಂದ ನೆನೆಯುವವರು ಬಹಳ ಕಡಿಮೆ.

ಇದನ್ನು ಸುಮ್ನೆ ಅನುಕಂಪ ಅಂದುಬಿಡುವುದು ಸುಲಭ. ಆದರೆ ಸೋಲುವವರನ್ನೆಲ್ಲ ನಾವು ಪ್ರೀತಿಸುವುದಿಲ್ಲ, ಅಲ್ವಾ? ನನಗೆ ಕಾಣುವ ಕಾರಣ ಬೇರೆ. ದೊಡ್ಡ ತಂಡಕ್ಕೆ ಇವತ್ತಿನ ರೇಸ್ ಕೈತಪ್ಪಿದರೆ ಎರಡು ವಾರದಲ್ಲಿ ಇನ್ನೊಂದು ಬರುತ್ತದೆ. ಸಣ್ಣ ತಂಡಕ್ಕೆ ಆರನೆಯವರಾಗಿ ಬಂದೆವೋ ಏಳನೆಯವರಾಗಿ ಬಂದೆವೋ ಅನ್ನುವುದರ ಮೇಲೆ ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಅನ್ನುವುದೇ ನಿಂತಿರುತ್ತದೆ. ಟಿವಿಯಲ್ಲಿ ತೋರಿಸದ ಆ ಹಿಂದಿನ ಸಾಲಿನ ಜಗಳದಲ್ಲೇ ಪಣ ಎಲ್ಲಕ್ಕಿಂತ ದೊಡ್ಡದು. ಒಮ್ಮೆ ಅದು ಕಣ್ಣಿಗೆ ಬಿತ್ತು ಅಂದರೆ ಮತ್ತೆ ಬರೀ ಮುಂದಿನ ಎರಡು ಕಾರು ನೋಡಿಕೊಂಡು ಕೂರಲು ಆಗುವುದಿಲ್ಲ.

ಈ ಕಥೆ ಹಳೆಯದು. 1958ರ ಜನವರಿ, ಬ್ಯೂನಸ್ ಐರಿಸ್. ಅರ್ಜೆಂಟೀನಾ ಗ್ರ್ಯಾನ್ ಪ್ರಿಗೆ ರಾಬ್ ವಾಕರ್ ಅನ್ನುವ ಖಾಸಗಿ ಮಾಲೀಕರ ಪುಟ್ಟ ಕೂಪರ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಬಂದರು. ಎಂಜಿನ್ ಎರಡು ಲೀಟರ್‌ಗಿಂತ ಕಡಿಮೆ, ಅದೂ ಡ್ರೈವರ್‌ನ ಬೆನ್ನ ಹಿಂದೆ. ಫೆರಾರಿಗಳದ್ದು 2.4 ಲೀಟರ್. ಕೂಪರ್‌ಗೆ ಇನ್ನೊಂದು ತೊಂದರೆ ಇತ್ತು. ಫೆರಾರಿಯ ಚಕ್ರ ಒಂದೇ ನಟ್‌ನಲ್ಲಿ ಬಿಚ್ಚಿಬರುತ್ತಿತ್ತು, ಕೂಪರ್‌ನ ಒಂದೊಂದು ಚಕ್ರಕ್ಕೂ ನಾಲ್ಕು ಬೋಲ್ಟ್. ಟೈರ್ ಬದಲಿಸಲು ನಿಂತರೆ ರೇಸ್ ಮುಗಿದಂತೆಯೇ. ಹಾಗಾಗಿ ನಿಲ್ಲುವುದೇ ಬೇಡ ಎಂದು ನಿರ್ಧರಿಸಿದರು. ಆದರೆ ಎಲ್ಲರ ಎದುರಿಗೆ ಮಾತ್ರ, ಟೈರ್ ಬದಲಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತೋ ಎಂದು ಗೊಣಗುತ್ತಾ ಓಡಾಡಿದರು. ಫೆರಾರಿಯವರು ನಂಬಿದರು. ಹೇಗೂ ನಿಲ್ಲುತ್ತಾನೆ ಬಿಡು ಎಂದು ಆತುರಪಡಲಿಲ್ಲ. ಅವರಿಗೆ ವಿಷಯ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಟೈರ್‌ನ ರಬ್ಬರ್ ಸವೆದು ಒಳಗಿನ ಬಟ್ಟೆಯ ಪದರ ಕಾಣುತ್ತಿತ್ತು. ಮಾಸ್ ಕಾರನ್ನು ಎಣ್ಣೆ ಬಿದ್ದ ಜಾಗಗಳ ಮೇಲೆ ಹಾಯಿಸಿ ಟೈರ್ ಉಳಿಸಿಕೊಂಡು, ಮುಸ್ಸೊ ಅವರ ಫೆರಾರಿಗಿಂತ 2.7 ಸೆಕೆಂಡ್ ಮುಂದೆ ಗುರಿ ಮುಟ್ಟಿದರು. ಹಿಂದೆ ಎಂಜಿನ್ ಇದ್ದ ಕಾರು ವಿಶ್ವ ಚಾಂಪಿಯನ್‌ಷಿಪ್ ರೇಸ್ ಗೆದ್ದಿದ್ದು ಅದೇ ಮೊದಲು. ಮೂರು ವರ್ಷದಲ್ಲಿ ಮುಂದೆ ಎಂಜಿನ್ ಇಡುವ ಪದ್ಧತಿಯೇ ಹೋಯಿತು.

ಬ್ರಿಟನ್ನಿನ ಇಂಥ ತಂಡಗಳನ್ನು ಎಂಜೊ ಫೆರಾರಿ ‘ಗ್ಯಾರೇಜಿನವರು’ ಎಂದು ಹಂಗಿಸುತ್ತಿದ್ದರು. ಎಂಜಿನ್ ಒಬ್ಬರದ್ದು, ಗೇರ್‌ಬಾಕ್ಸ್ ಇನ್ನೊಬ್ಬರದ್ದು, ಇವರು ಬರೀ ಜೋಡಿಸುವವರು ಎಂಬುದು ಅವರ ದೂರು. ದೂರು ನಿಜವೇ ಆಗಿತ್ತು. ಆದರೆ ಆ ಜೋಡಿಸುವ ಕೆಲಸವೇ ಮುಂದೆ ಆಟದ ಬಾಗಿಲನ್ನು ಅಗಲವಾಗಿ ತೆರೆಯಿತು. 1967ರಲ್ಲಿ ಫೋರ್ಡ್ ಕೊಟ್ಟ ಒಂದು ಲಕ್ಷ ಪೌಂಡ್‌ನಲ್ಲಿ ಕಾಸ್ವರ್ತ್ ಸಂಸ್ಥೆ ಡಿಎಫ್‌ವಿ ಎಂಜಿನ್ ತಯಾರಿಸಿತು. ಮೊದಲ ರೇಸಿನಲ್ಲೇ ಅದು ಲೋಟಸ್ ಕಾರಿನಲ್ಲಿ ಜಿಮ್ ಕ್ಲಾರ್ಕ್ ಅವರನ್ನು ಗೆಲ್ಲಿಸಿತು. ಮರು ವರ್ಷದಿಂದ ಬೇರೆಯವರಿಗೂ ಮಾರಾಟಕ್ಕೆ ಬಂತು. ಒಂದು ಹ್ಯೂಲ್ಯಾಂಡ್ ಗೇರ್‌ಬಾಕ್ಸ್, ನಾಲ್ಕು ಜನ ಮೆಕ್ಯಾನಿಕ್, ಕಾರಿನ ಚೌಕಟ್ಟು ವಿನ್ಯಾಸ ಮಾಡಬಲ್ಲ ಒಬ್ಬ ಜಾಣ. ಇಷ್ಟಿದ್ದರೆ ಫೆರಾರಿಯ ಪಕ್ಕದಲ್ಲಿ ನಿಲ್ಲಬಹುದಿತ್ತು. ಮರದ ವ್ಯಾಪಾರಿ ಕೆನ್ ಟಿರೆಲ್ ತಮ್ಮ ಮರದ ಅಂಗಳದಲ್ಲೇ ತಂಡ ನಡೆಸಿ ಜ್ಯಾಕಿ ಸ್ಟೀವರ್ಟ್ ಅವರನ್ನು ಚಾಂಪಿಯನ್ ಮಾಡಿದರು. ಆರು ಚಕ್ರದ ಕಾರನ್ನೂ ಕಟ್ಟಿದರು. 1976ರಲ್ಲಿ ಸ್ವೀಡನ್‌ನಲ್ಲಿ ಆ ಕಾರುಗಳು ಮೊದಲ ಎರಡು ಸ್ಥಾನ ಹಿಡಿದವು. ಡಿಎಫ್‌ವಿ ಒಟ್ಟು 155 ರೇಸ್ ಗೆದ್ದಿತು. ಕೊನೆಯದು 1983ರಲ್ಲಿ ಡೆಟ್ರಾಯ್ಟ್‌ನಲ್ಲಿ, ಅದೂ ಟಿರೆಲ್ ಕಾರಿನಲ್ಲೇ.

ಬಾಗಿಲು ತೆರೆದ ಮೇಲೆ ನೂಕುನುಗ್ಗಲು ಶುರುವಾಯಿತು. 1989ರಲ್ಲಿ 39 ಕಾರುಗಳು, ರೇಸಿನಲ್ಲಿ ಜಾಗ ಇದ್ದದ್ದು 26ಕ್ಕೆ. ಅದಕ್ಕೇ ಪ್ರೀ-ಕ್ವಾಲಿಫೈಯಿಂಗ್ ಅನ್ನುವ ಶಿಕ್ಷೆ ಬಂತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ, ಸ್ಟ್ಯಾಂಡಿನಲ್ಲಿ ಜನರೇ ಇಲ್ಲದ ಹೊತ್ತಿನಲ್ಲಿ, 13 ಕಾರುಗಳು ಒಂದು ಗಂಟೆ ಓಡಬೇಕು. ವೇಗದ ನಾಲ್ಕಕ್ಕೆ ಮಾತ್ರ ಮುಂದಿನ ಸುತ್ತಿಗೆ ಪ್ರವೇಶ. ಉಳಿದವರು ಒಂಬತ್ತು ಗಂಟೆಗೆ ಲಾರಿಗೆ ಸಾಮಾನು ತುಂಬಿ ಮನೆಗೆ. ಲೈಫ್ ಅನ್ನುವ ಇಟಲಿಯ ತಂಡ 1990ರಲ್ಲಿ 14 ಸಲ ಪ್ರಯತ್ನಿಸಿ 14 ಸಲವೂ ಅಲ್ಲಿಂದಲೇ ಮರಳಿತು. ಅದೇ ಜರಡಿಯಿಂದ ಎದ್ದು ಬಂದವರೂ ಇದ್ದಾರೆ. 1991ರಲ್ಲಿ ಮೊದಲ ಸಲ ಬಂದ ಎಡ್ಡಿ ಜೋರ್ಡನ್ ಅವರ ಹಸಿರು ಕಾರುಗಳು ವರ್ಷದ ಕೊನೆಗೆ ತಂಡಗಳ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿದ್ದವು.

ಇವರೆಲ್ಲರ ನಡುವೆ ಮಿನಾರ್ಡಿಯೇ ಯಾಕೆ ಮನಸ್ಸಿನಲ್ಲಿ ಉಳಿಯಿತು? ಒಂದು ಕಾರಣ, ಅದು ಕಳಪೆ ತಂಡ ಆಗಿರಲಿಲ್ಲ. ಇಟಲಿಯ ಫಾಯೆನ್ಜಾ ಅನ್ನುವ ಪಿಂಗಾಣಿ ಕೆಲಸಕ್ಕೆ ಹೆಸರಾದ ಊರಿನಲ್ಲಿ, ಫಿಯೆಟ್ ಕಾರು ಮಾರುವ ಮನೆತನದ ಜಾನ್‌ಕಾರ್ಲೊ ಮಿನಾರ್ಡಿ ಕಟ್ಟಿದ ತಂಡ ಅದು. ಕಾರುಗಳ ಕೆಲಸ ಅಚ್ಚುಕಟ್ಟು. ದುಡ್ಡು ಮಾತ್ರ ಯಾವಾಗಲೂ ಕಡಿಮೆ, ಎಂಜಿನ್ ಯಾವಾಗಲೂ ದುರ್ಬಲ. ಅವಕಾಶ ಸಿಕ್ಕಾಗ ಮಾತ್ರ ಬಿಡುತ್ತಿರಲಿಲ್ಲ. 1990ರಲ್ಲಿ ಫೀನಿಕ್ಸ್‌ನಲ್ಲಿ ಶುಕ್ರವಾರ ಪಿಯರ್‌ಲುಯಿಜಿ ಮಾರ್ಟಿನಿ ಪಿರೆಲ್ಲಿ ಟೈರ್ ಹಾಕಿ ಒಳ್ಳೆಯ ಸಮಯ ಮಾಡಿದರು. ಶನಿವಾರ ಮಳೆ ಬಂದು ಯಾರಿಗೂ ಅದನ್ನು ಸುಧಾರಿಸಲು ಆಗಲಿಲ್ಲ. ಮಿನಾರ್ಡಿ ಮೊದಲ ಸಾಲಿನಲ್ಲಿ ನಿಂತಿತು!

ಅಭಿಮಾನಿಗಳು ಮರೆಯದ ದಿನ ಮಾತ್ರ 1999ರ ಸೆಪ್ಟೆಂಬರಿನದು. ಜರ್ಮನಿಯ ನರ್ಬರ್ಗ್‌ರಿಂಗ್, ಬಂದು ಹೋಗುವ ಮಳೆ. ಮೊದಲ ಸ್ಥಾನಕ್ಕೆ ಬಂದವರೆಲ್ಲ ಒಬ್ಬೊಬ್ಬರಾಗಿ ಉದುರಿದರು. ಫ್ರೆಂಟ್ಜೆನ್ ಕಾರು ಕೆಟ್ಟು ನಿಂತಿತು. ಕೌಲ್ಟಾರ್ಡ್ ಜಾರಿ ಹೊರಗೆ ಹೋದರು. ಫಿಸಿಕೆಲ್ಲಾ ಕೂಡ. ಈ ಗಲಾಟೆಯಲ್ಲಿ ಲೂಕಾ ಬಡೋಯರ್ ಅವರ ಮಿನಾರ್ಡಿ ನಾಲ್ಕನೇ ಸ್ಥಾನಕ್ಕೆ ಬಂತು. ಆಗ ಅಂಕ ಸಿಗುತ್ತಿದ್ದದ್ದು ಮೊದಲ ಆರು ಜನಕ್ಕೆ ಮಾತ್ರ, ನಾಲ್ಕಕ್ಕೆ ಮೂರು ಅಂಕ. ಬಡೋಯರ್‌ಗೆ ಅಲ್ಲಿಯವರೆಗೆ ಒಂದು ಅಂಕವೂ ಸಿಕ್ಕಿರಲಿಲ್ಲ. ಇನ್ನು 13 ಸುತ್ತು ಇದ್ದಾಗ ಗೇರ್‌ಬಾಕ್ಸ್ ಹೋಯಿತು. ಕಾರಿನಿಂದ ಇಳಿದವರು ಅದರ ಪಕ್ಕದಲ್ಲೇ ಕುಸಿದು, ಹೆಲ್ಮೆಟ್ ಹಾಕಿಕೊಂಡೇ, ಕಾರಿಗೆ ತಲೆ ಆನಿಸಿ ಅತ್ತರು. ಅವರ ಇಡೀ ವೃತ್ತಿಜೀವನ ಒಂದೂ ಅಂಕವಿಲ್ಲದೆ ಮುಗಿಯಿತು.

ಅದೇ ರೇಸಿನಲ್ಲಿ ಇನ್ನೊಂದು ಮಿನಾರ್ಡಿ ಓಡುತ್ತಲೇ ಇತ್ತು ಅನ್ನುವುದನ್ನು ಜಾಸ್ತಿ ಜನ ಹೇಳುವುದಿಲ್ಲ. ಹೊಸ ಹುಡುಗ ಮಾರ್ಕ್ ಹೆನೆ ಆರನೆಯವರಾಗಿ ಬಂದರು. ಅವರ ಹಿಂದೆ ಏಳನೆಯವರಾಗಿ ಉಳಿದವರು ಯಾರು ಗೊತ್ತಾ? ಆ ವರ್ಷದ ಚಾಂಪಿಯನ್‌ಷಿಪ್‌ಗೆ ಹೋರಾಡುತ್ತಿದ್ದ ಎಡ್ಡಿ ಅರ್ವೈನ್, ಫೆರಾರಿಯಲ್ಲಿ. ಆ ಒಂದೇ ಅಂಕದಿಂದ ಮಿನಾರ್ಡಿ ವರ್ಷದ ಕೊನೆಗೆ ಬಿಎಆರ್ ತಂಡಕ್ಕಿಂತ ಮೇಲಿತ್ತು. ತಂಬಾಕು ಕಂಪನಿಯ ರಾಶಿ ದುಡ್ಡಿನಲ್ಲಿ ಶುರುವಾದ ಬಿಎಆರ್ ಆ ವರ್ಷ ಗಳಿಸಿದ್ದು ಸೊನ್ನೆ.

2002ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೊಂದು ಅದೃಷ್ಟ ಒಲಿಯಿತು. ಮೊದಲ ತಿರುವಿನ ಅಪಘಾತದಲ್ಲಿ ಎಂಟು ಕಾರು ಹೊರಗೆ. ಮೊದಲ ಫಾರ್ಮುಲಾ 1 ರೇಸ್ ಓಡಿಸುತ್ತಿದ್ದ ಆಸ್ಟ್ರೇಲಿಯಾದವರೇ ಆದ ಮಾರ್ಕ್ ವೆಬರ್ ಕುಂಟುವ ಕಾರನ್ನು ಐದನೇ ಸ್ಥಾನದಲ್ಲಿ ಕಾಪಾಡಿಕೊಂಡು ಬಂದರು. ಹಿಂದಿನಿಂದ ಅಟ್ಟಿಸಿಕೊಂಡು ಬಂದದ್ದು ಮೊದಲ ರೇಸಿಗೆ ಬಂದಿದ್ದ ಟೊಯೊಟಾ. ಕೊನೆಯ ಸುತ್ತುಗಳಲ್ಲಿ ಅದು ಜಾರಿ ಗಿರಕಿ ಹೊಡೆಯಿತು. ಗೆದ್ದವರ ಸಮಾರಂಭ ಮುಗಿದ ಮೇಲೆ ವೆಬರ್ ಮತ್ತು ಮಾಲೀಕ ಪಾಲ್ ಸ್ಟಾಡಾರ್ಟ್ ಇಬ್ಬರೂ ಅದೇ ಪೋಡಿಯಂ ಹತ್ತಿದರು. ಕೆಳಗೆ ನಿಂತಿದ್ದ ಜನರ ಕೂಗು ಮೊದಲು ಗೆದ್ದವರಿಗೆ ಸಿಕ್ಕಿದ್ದಕ್ಕಿಂತ ಏನೂ ಕಡಿಮೆ ಇರಲಿಲ್ಲ.

ಇದು ಫಾರ್ಮುಲಾ 1ರ ಗುಟ್ಟು ಮಾತ್ರ ಅಲ್ಲ. ಜ್ಯಾಂ ರೊಂಡೊ ಫ್ರಾನ್ಸಿನ ಲೆ ಮಾನ್ಸ್ ಊರಿನವರೇ, ತಮ್ಮ ಹೆಸರಿನದೇ ಕಾರು ಕಟ್ಟಿ 1980ರಲ್ಲಿ ಅಲ್ಲಿನ 24 ಗಂಟೆ ರೇಸನ್ನು ತಾವೇ ಓಡಿಸಿ ಗೆದ್ದರು. ತನ್ನ ಹೆಸರಿನ ಕಾರಿನಲ್ಲಿ ಆ ರೇಸ್ ಗೆದ್ದವರು ಬೇರೆ ಯಾರೂ ಇಲ್ಲ. ಅಮೆರಿಕದ ನಾಸ್ಕಾರ್ ಅನ್ನುವ ಕಾರ್ ರೇಸ್ ಸರಣಿಯಲ್ಲಿ ಅಲನ್ ಕುಲ್ವಿಕಿ ಇದ್ದರು. ಎಂಜಿನಿಯರಿಂಗ್ ಓದಿ ಬಂದವರು, ಮಾಲೀಕರೂ ಅವರೇ, ಡ್ರೈವರೂ ಅವರೇ. ದೊಡ್ಡ ತಂಡದ ಕರೆ ಬಂದಾಗಲೂ ಹೋಗಲಿಲ್ಲ. 1992ರ ಕೊನೆಯ ರೇಸ್ ಅಟ್ಲಾಂಟಾದಲ್ಲಿ. ಟೈರ್, ಪೆಟ್ರೋಲಿಗೆಂದು ಪಿಟ್‌ನಲ್ಲಿ ನಿಂತಾಗ ಮೊದಲ ಗೇರ್ ಮುರಿಯಿತು. ಅಲ್ಲಿಂದ ಪ್ರತಿ ಸಲ ಕಾರನ್ನು ತಳ್ಳಿಯೇ ಹೊರಡಿಸಬೇಕಾಯಿತು. ಅತಿ ಹೆಚ್ಚು ಸುತ್ತು ಮುಂದೆ ಇದ್ದವರಿಗೆ ಐದು ಅಂಕ ಜಾಸ್ತಿ ಸಿಗುತ್ತಿತ್ತು. ತಂಡದವರು ಪೇಪರಿನ ಮೇಲೆ ಲೆಕ್ಕ ಹಾಕಿ, ಇಂತಿಷ್ಟು ಸುತ್ತು ಮುಂದೆ ಇರು, ಆಮೇಲೆ ಬಂದು ಪೆಟ್ರೋಲ್ ಹಾಕಿಸಿಕೋ ಎಂದರು. ಕುಲ್ವಿಕಿ 103 ಸುತ್ತು ಮುಂದೆ ಇದ್ದರು, ಬಿಲ್ ಎಲಿಯಟ್ 102. ರೇಸ್ ಗೆದ್ದವರು ಎಲಿಯಟ್. ಚಾಂಪಿಯನ್‌ಷಿಪ್ ಹತ್ತು ಅಂಕದಿಂದ ಕುಲ್ವಿಕಿಗೆ. ಐದು ತಿಂಗಳೊಳಗೆ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಒಂದು ಸ್ಥಾನ ಅಂದರೆ ಏನು ಅನ್ನುವುದನ್ನು 2016ರಷ್ಟು ಕ್ರೂರವಾಗಿ ತೋರಿಸಿದ ವರ್ಷ ಇನ್ನೊಂದಿಲ್ಲ. ಆಗ ಹನ್ನೊಂದು ತಂಡ. ಬಹುಮಾನದ ದುಡ್ಡಿನ ದೊಡ್ಡ ಪಾಲು ತಂಡಗಳ ಪಟ್ಟಿಯ ಹತ್ತನೇ ಸ್ಥಾನದವರೆಗೆ ಮಾತ್ರ. ಮೇನರ್ ತಂಡಕ್ಕೆ ಆಸ್ಟ್ರಿಯಾದಲ್ಲಿ ಪಾಸ್ಕಲ್ ವೇರ್ಲೈನ್ ಒಂದು ಅಂಕ ತಂದುಕೊಟ್ಟಿದ್ದರು. ಸೌಬರ್ ಬಳಿ ಸೊನ್ನೆ. ನವೆಂಬರ್‌ನಲ್ಲಿ ಬ್ರೆಜಿಲ್‌ಗೆ ಹೋದಾಗಲೂ ಅದೇ ಲೆಕ್ಕ. ಅಲ್ಲಿ ಧಾರಾಕಾರ ಮಳೆ. ಮೇನರ್‌ನ ಎಸ್ಟೆಬಾನ್ ಓಕಾನ್ ತುಂಬಾ ಹೊತ್ತು ಅಂಕದ ಸ್ಥಾನಕ್ಕಾಗಿ ಹೋರಾಡಿ 12ನೆಯವರಾಗಿ ಮುಗಿಸಿದರು. ಸೌಬರ್‌ನ ಫೆಲಿಪೆ ನಾಸರ್ ತಮ್ಮ ತಾಯ್ನೆಲದಲ್ಲಿ ಒಂಬತ್ತನೆಯವರಾದರು. ಸೌಬರ್‌ಗೆ ಎರಡು ಅಂಕ, ಮೇನರ್ ಹನ್ನೊಂದಕ್ಕೆ ಇಳಿಯಿತು. ಜನವರಿಯಲ್ಲಿ ಮೇನರ್ ಮುಚ್ಚಿತು, ಇನ್ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದೇ ತಂಡವನ್ನು ಎರಡು ವರ್ಷದ ಹಿಂದೆ, ಮರುಸ್ಸಿಯಾ ಅನ್ನುವ ಹೆಸರಿದ್ದಾಗ, ಜೂಲ್ಸ್ ಬಿಯಾಂಕಿ ಮೊನಾಕೊದಲ್ಲಿ ಗಳಿಸಿದ ಎರಡು ಅಂಕ ಉಳಿಸಿತ್ತು. ಬಿಯಾಂಕಿ ಆ ವರ್ಷವೇ ಸುಜುಕಾದಲ್ಲಿ ಅಪಘಾತಕ್ಕೆ ಸಿಕ್ಕಿ, ಮತ್ತೆ ಪ್ರಜ್ಞೆ ಬಾರದೆ 2015ರಲ್ಲಿ ತೀರಿಕೊಂಡರು. ಈ ಎರಡು ರೇಸ್‌ಗಳ ಬಗ್ಗೆ ಗೊತ್ತಿದ್ದವರು ಹತ್ತನೇ ಸ್ಥಾನಕ್ಕೆ ಯಾರಾದರೂ ಕುಣಿದಾಡಿದರೆ ನಗುವುದಿಲ್ಲ.

ಇನ್ನೊಂದು ವಿಷಯ. ದೊಡ್ಡ ಕಾರು ಕಂಪನಿಗಳು ಬರುತ್ತವೆ, ಹೋಗುತ್ತವೆ. 2008ರ ಡಿಸೆಂಬರ್‌ನಲ್ಲಿ ಹೋಂಡಾ, 2009ರಲ್ಲಿ ಬಿಎಂಡಬ್ಲ್ಯು ಮತ್ತು ಟೊಯೊಟಾ, ಆಡಳಿತ ಮಂಡಳಿಯ ಒಂದು ನಿರ್ಧಾರದಿಂದ ಹೊರಟವು. ಸಣ್ಣವರಿಗೆ ಬೇರೆ ವ್ಯಾಪಾರ ಇಲ್ಲ, ರೇಸಿಂಗ್ ಒಂದೇ. ಹಾಗಾಗಿ ಕೊನೆಯ ರೂಪಾಯಿವರೆಗೂ ನಿಲ್ಲುತ್ತಾರೆ. ಇಂದಿನ ದೈತ್ಯರ ಬೇರೂ ಅಲ್ಲೇ ಇದೆ. ಟಿರೆಲ್ ಕೈಬದಲಾಗುತ್ತಾ ಬಂದು ಮರ್ಸಿಡಿಸ್ ಆಯಿತು, ಸ್ಟೀವರ್ಟ್ ತಂಡ ರೆಡ್ ಬುಲ್ ಆಯಿತು, ಜೋರ್ಡನ್ ಫೋರ್ಸ್ ಇಂಡಿಯಾ ಹಾದು ಆಸ್ಟನ್ ಮಾರ್ಟಿನ್ ಆಯಿತು. ಮಿನಾರ್ಡಿಯನ್ನು ಕೊಂಡದ್ದೂ ರೆಡ್ ಬುಲ್ಲೇ. ಟೊರೊ ರೊಸ್ಸೊ ಎಂದು ಹೆಸರು ಬದಲಾದ ಆ ಫಾಯೆನ್ಜಾದ ತಂಡ 2008ರಲ್ಲಿ ಮೊನ್ಜಾದ ಮಳೆಯಲ್ಲಿ 21 ವರ್ಷದ ಸೆಬಾಸ್ಟಿಯನ್ ವೆಟ್ಟಲ್ ಜೊತೆ ಗೆದ್ದಿತು. ದೊಡ್ಡಣ್ಣ ರೆಡ್ ಬುಲ್ ಆಗಿನ್ನೂ ಒಂದು ರೇಸನ್ನೂ ಗೆದ್ದಿರಲಿಲ್ಲ.

ಈಗ ಲೆಕ್ಕ ಬದಲಾಗಿದೆ. 2021ರಲ್ಲಿ ವರ್ಷಕ್ಕೆ 14.5 ಕೋಟಿ ಡಾಲರ್ ಖರ್ಚಿನ ಮಿತಿ ಬಂತು. ಡ್ರೈವರ್ ಸಂಬಳ, ಎಂಜಿನ್ ಖರ್ಚು ಅದರಲ್ಲಿ ಸೇರುವುದಿಲ್ಲ. ಪಟ್ಟಿಯಲ್ಲಿ ಹಿಂದೆ ಇದ್ದವರಿಗೆ, ಗಾಳಿ ಹಾಯಿಸಿ ಕಾರಿನ ವಿನ್ಯಾಸ ಪರೀಕ್ಷಿಸುವ ವಿಂಡ್ ಟನೆಲ್ ಸಮಯವೂ ಜಾಸ್ತಿ. ಇದು ಒಳ್ಳೆಯ ಕೆಲಸ, ಖಂಡಿತ. ಬಾಗಿಲು ಮುಚ್ಚುವ ಭಯದಲ್ಲಿ ಯಾರೂ ಬದುಕಬೇಕಾಗಿಲ್ಲ. 2025ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಸೌಬರ್‌ನ ನಿಕೊ ಹಲ್ಕೆನ್‌ಬರ್ಗ್ 19ನೇ ಸ್ಥಾನದಿಂದ ಹೊರಟು ಮಳೆಯಲ್ಲಿ ಮೂರನೆಯವರಾಗಿ ಬಂದರು. 239ನೇ ರೇಸಿನಲ್ಲಿ ಮೊದಲ ಪೋಡಿಯಂ. ಎದುರಾಳಿ ತಂಡದವರೂ ಚಪ್ಪಾಳೆ ತಟ್ಟಿದರು. ಆದರೆ ಆ ಹೊತ್ತಿಗಾಗಲೇ ಸೌಬರ್ 2026ರಿಂದ ಆಡಿ ಕಾರು ಕಂಪನಿಯ ತಂಡವಾಗಲಿದೆ ಎಂದು ಗೊತ್ತಾಗಿತ್ತು.

ಒಳಗಿದ್ದವರು ಸುರಕ್ಷಿತ, ಹೊರಗಿನವರಿಗೆ ಪ್ರವೇಶ ಕಷ್ಟ. ಈಗಿರುವ ತಂಡಗಳ ಪಾಲು ಕಡಿಮೆಯಾಗುತ್ತದೆ ಎಂದು, 2021ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಹೊಸ ತಂಡ ಬರಬೇಕಾದರೆ 20 ಕೋಟಿ ಡಾಲರ್ ಕಟ್ಟಬೇಕೆಂದು ಮಾಡಿದರು. ಹನ್ನೊಂದನೇ ತಂಡವಾಗಿ ಜಾಗ ಪಡೆದದ್ದು ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್. ಕೆಳಗಿನ ಸರಣಿಗಳಲ್ಲಿ ಗೆದ್ದು, ಒಬ್ಬ ಎಂಜಿನ್ ಮಾರಾಟಗಾರನನ್ನು ಹಿಡಿದು ಮೇಲೆ ಬಂದ ಜೋರ್ಡನ್ ಥರದ ತಂಡಕ್ಕೆ ಇವತ್ತು ಮೆಟ್ಟಿಲೇ ಇಲ್ಲ. ಇದು ನನಗೆ ಬೇಸರದ ವಿಷಯ. ಇಟಲಿಯ ಪ್ರೇಮಾ ತಂಡವನ್ನೇ ನೋಡಿ. 1983ರಲ್ಲಿ ಶುರುವಾಗಿ, ಫಾರ್ಮುಲಾ 2, ಫಾರ್ಮುಲಾ 3ರಲ್ಲಿ ರಾಶಿ ಪ್ರಶಸ್ತಿ ಗೆದ್ದು, ಶಾರ್ಲ್ ಲೆಕ್ಲೆರ್ ಅವರಂಥ ಡ್ರೈವರ್‌ಗಳನ್ನು ಮೇಲೆ ಕಳಿಸಿತು. ತಾನು ಮಾತ್ರ ಅಲ್ಲೇ ಉಳಿಯಿತು. ಕೊನೆಗೆ 2025ರಲ್ಲಿ ಅಮೆರಿಕದ ಇಂಡಿಕಾರ್ ರೇಸ್ ಸರಣಿಗೆ ಹೋಯಿತು. ಓವಲ್ ಅಂದರೆ ಮೊಟ್ಟೆಯಾಕಾರದ ಟ್ರ್ಯಾಕಿನ ಅನುಭವವೇ ಇಲ್ಲದ ತಂಡ, ಓವಲ್‌ನಲ್ಲಿ ಎಂದೂ ರೇಸ್ ಮಾಡದ ರಾಬರ್ಟ್ ಶ್ವಾರ್ಟ್ಸ್‌ಮನ್. ಆ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ 500 ರೇಸಿನ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಅವರದ್ದಾಯಿತು.